ನಿವ್ವಳದಲ್ಲೂ ಕಳೆಯದೇ ಉಳಿದ ನೀರು

ಕೋಲಾರ ಜಿಲ್ಲೆಯಲ್ಲಿ ಲೆಕ್ಕ ಪರಿಶೋಧಕನಾಗಿರುವ ನನಗೆ ಸವಕಳಿ (ಬಳಸಿದಂತೆಲ್ಲ ಯಂತ್ರದಂಥ ಆಸ್ತಿಯ ಬೆಲೆ ಇಳಿಯುವುದು) ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾದ ಪ್ರಸಂಗ ಬಂದಿಲ್ಲ. ಕೊಳವೆಬಾವಿ ಕೊರೆಯುವ ರಿಗ್ ಇಟ್ಟುಕೊಂಡವರು, ಕಲ್ಲು ಕ್ವಾರಿ ನಡೆಸುವವರು, ರೇಷ್ಮೆ ನೂಲು ತೆಗೆಯುವ ಘಟಕದವರು ಮಾರ್ಚ್ ಕಳೆಯುತ್ತಿದ್ದಂತೆ ಕಚೇರಿಗೆ ಬಂದು ಮೊದಲು ಕೇಳುವುದೇ ತೆರಿಗೆ ಲೆಕ್ಕದಲ್ಲಿ ತಮ್ಮ ಯಂತ್ರಕ್ಕೆ ಎಷ್ಟು ಸವಕಳಿ ಸಿಗುತ್ತದೆ ಎಂದು. ಲಾರಿಯ ಮೇಲೆ ಕೂರಿಸಿದ ರಿಗ್‌ಗೆ ಯಾವ ದರದ ಸವಕಳಿ ಕೊಡಬೇಕು ಎಂಬ ತಕರಾರು ಹೈಕೋರ್ಟಿನವರೆಗೂ ಹೋಗಿದೆ. ಇಷ್ಟು ಚೆನ್ನಾಗಿ ಲೆಕ್ಕ ಬಲ್ಲ ಜನ, ಜಿಲ್ಲೆಯ ಆದಾಯ ಇಷ್ಟು ಬೆಳೆಯಿತು ಎಂಬ ಅಂಕಿ ಪ್ರಕಟವಾದಾಗ ಮಾತ್ರ ಅದರಲ್ಲಿ ಏನನ್ನು ಕಳೆದಿದ್ದಾರೆ, ಏನನ್ನು ಕಳೆದಿಲ್ಲ ಎಂದು ಕೇಳುವುದಿಲ್ಲ. ನಾನು ಕೇಳಿದರೆ ಅಧಿಕಾರಿಗಳಿಂದ ಹಿಡಿದು ಅರ್ಥಶಾಸ್ತ್ರದ ಉಪನ್ಯಾಸಕರವರೆಗೆ ಎಲ್ಲರಿಂದಲೂ ಒಂದೇ ಉತ್ತರ ಬರುತ್ತದೆ: "ತಲಾ ಆದಾಯವನ್ನು ನಿವ್ವಳದಲ್ಲೇ ಹೇಳುತ್ತಾರಲ್ಲ ಸಾರ್, ಸವಕಳಿ ಕಳೆದೇ ಇರುತ್ತದೆ." ಈ ಉತ್ತರವನ್ನು ಕೇಳಿ ಕೇಳಿ ತಾಳ್ಮೆ ಮುಗಿದಿರುವುದರಿಂದ ಈ ಅಂಕಣವನ್ನು ಅದೊಂದಕ್ಕೇ ಮೀಸಲಿಡುತ್ತಿದ್ದೇನೆ.

ರಾಜ್ಯದ ತಲಾ ಆದಾಯವನ್ನು ನಿವ್ವಳ ಆಂತರಿಕ ಉತ್ಪನ್ನದಿಂದ (ವರ್ಷದಲ್ಲಿ ರಾಜ್ಯದೊಳಗೆ ಆದ ಉತ್ಪಾದನೆಯ ಮೌಲ್ಯದಲ್ಲಿ ಸವಕಳಿ ಕಳೆದು ಉಳಿದದ್ದು) ಲೆಕ್ಕ ಹಾಕುತ್ತಾರೆ ಎಂಬುದು ನಿಜ. ಆದರೆ ಅಲ್ಲಿ ಕಳೆಯುವುದು ಮನುಷ್ಯರು ತಯಾರಿಸಿದ ಆಸ್ತಿಯ ಸವಕಳಿಯನ್ನು ಮಾತ್ರ. ಪಂಪು, ರಿಗ್, ಶೆಡ್ಡು, ಕಾಲುವೆ, ರಸ್ತೆ ಇವೆಲ್ಲ ಆ ಪಟ್ಟಿಯಲ್ಲಿವೆ. ನೆಲದಡಿಯ ನೀರು, ಗುಡ್ಡದೊಳಗಿನ ಅದಿರು ಯಾರೂ ತಯಾರಿಸಿದ್ದಲ್ಲವಾದ್ದರಿಂದ ಅವು ಕರಗಿದರೆ ಉತ್ಪಾದನೆಯ ಖರ್ಚಿನಲ್ಲಿ ಬರೆಯುವುದಿಲ್ಲ. ನಮ್ಮ ದೇಶವೂ ಅನುಸರಿಸುತ್ತ ಬಂದಿರುವ ವಿಶ್ವಸಂಸ್ಥೆಯ 2008ರ ರಾಷ್ಟ್ರೀಯ ಲೆಕ್ಕ ಪದ್ಧತಿಯಲ್ಲಿ, ನೈಸರ್ಗಿಕ ಸಂಪತ್ತು ಬರಿದಾಗುವುದನ್ನು ಆದಾಯಕ್ಕೆ ತಾಗದ ಬೇರೊಂದು ಖಾತೆಗೆ ತಳ್ಳಲಾಗಿದೆ. ಹೀಗಾಗಿ ಮೋಟಾರು ಸವೆದದ್ದನ್ನು ನಾವು ಕಳೆಯುತ್ತೇವೆ, ಆ ಮೋಟಾರು ಮೇಲೆತ್ತಿ ಮುಗಿಸಿದ ನೀರನ್ನು ಕಳೆಯುವುದಿಲ್ಲ. ಹಸು ಮಾರಿದ ಹಣವನ್ನು ಹಾಲಿನ ಹಣದ ಜೊತೆ ಬರೆದು, ಹಾಲಿನ ಕ್ಯಾನು ನಗ್ಗಿದ್ದಕ್ಕೆ ಮಾತ್ರ ಚೊಕ್ಕವಾಗಿ ಸವಕಳಿ ಕಳೆದಂತೆ ಇದು.

ಅಂಕಿಗಳಲ್ಲಿ ಹೇಳಿದರೆ ನನ್ನ ಕ್ವಾರಿ ಮಾಲೀಕರಿಗೆ ಬೇಗ ಮನದಟ್ಟಾಗುತ್ತದೆ. ಒಂದು ಕ್ವಾರಿಯಲ್ಲಿ ಇನ್ನು ಹತ್ತು ವರ್ಷಕ್ಕಾಗುವಷ್ಟು ಕಲ್ಲಿದೆ, ಕೂಲಿ, ಡೀಸೆಲ್, ರಾಜಧನ, ಯಂತ್ರದ ಸವಕಳಿ ಎಲ್ಲವನ್ನೂ ಕಳೆದು ವರ್ಷಕ್ಕೆ 100 ರೂಪಾಯಿ ಉಳಿಯುತ್ತದೆ, ಠೇವಣಿಗೆ ಶೇ 5ರ ಬಡ್ಡಿಯಿದೆ ಎಂದುಕೊಳ್ಳೋಣ. ಆ 100 ರೂಪಾಯಿಯನ್ನೂ ಆದಾಯವೆಂದು ತಿಳಿದು ಖರ್ಚು ಮಾಡಿದರೆ ಹನ್ನೊಂದನೆಯ ವರ್ಷ ಅವರ ಕೈಯಲ್ಲಿ ಉಳಿಯುವುದು ಹಳ್ಳ ಮಾತ್ರ. ಕಲ್ಲು ಮುಗಿದ ಮೇಲೂ ಅದೇ ಮಟ್ಟದ ಆದಾಯ ಬರುತ್ತಿರಬೇಕಾದರೆ ಪ್ರತಿ ವರ್ಷ ಸುಮಾರು 61 ರೂಪಾಯಿಯನ್ನು ಎತ್ತಿಡಬೇಕು. ಅದು ಹತ್ತು ವರ್ಷದಲ್ಲಿ ಚಕ್ರಬಡ್ಡಿ ಸೇರಿ ಸುಮಾರು 770 ರೂಪಾಯಿಯಾಗಿ, ಆಮೇಲೆ ವರ್ಷಕ್ಕೆ 38-39 ರೂಪಾಯಿ ಬಡ್ಡಿ ತರುತ್ತದೆ. ಅಂದರೆ ಆ ನೂರರಲ್ಲಿ ನಿಜವಾದ ಆದಾಯ ಸುಮಾರು 39 ರೂಪಾಯಿ, ಉಳಿದ 61 ರೂಪಾಯಿ ಕಲ್ಲಿನ ರೂಪದಲ್ಲಿದ್ದ ಬಂಡವಾಳ ಹಣದ ರೂಪಕ್ಕೆ ಬಂದದ್ದು. ವಿಶ್ವಬ್ಯಾಂಕಿನಲ್ಲಿದ್ದ ಅರ್ಥಶಾಸ್ತ್ರಜ್ಞ ಸಲಾಹ್ ಎಲ್ ಸೆರಫಿಯವರು 1980ರ ದಶಕದಲ್ಲಿ ಈ ಬಗೆಯ ವಿಂಗಡಣೆಯನ್ನು ಮುಂದಿಟ್ಟರು. ಬಡ್ಡಿಯ ದರ, ನಿಕ್ಷೇಪದ ಆಯುಷ್ಯ ಬದಲಾದಂತೆ ಈ ಪಾಲೂ ಬದಲಾಗುತ್ತದೆ, ಆದ್ದರಿಂದ 39 ಎಂಬ ಅಂಕಿಯನ್ನು ಯಾರೂ ಕಂಠಪಾಠ ಮಾಡಿಕೊಳ್ಳಬಾರದು. ರಾಷ್ಟ್ರದ ಲೆಕ್ಕ ಮಾತ್ರ ಇಡೀ ನೂರನ್ನೂ ಆದಾಯವೆಂದೇ ಬರೆಯುತ್ತದೆ.

ನೀರಿನ ವಿಷಯ ಕಲ್ಲಿಗಿಂತ ಸ್ವಲ್ಪ ಸೂಕ್ಷ್ಮ, ಏಕೆಂದರೆ ನೀರು ಮಳೆಯಿಂದ ಮತ್ತೆ ತುಂಬುತ್ತದೆ. ವರ್ಷದ ಮರುಪೂರಣದೊಳಗೆ ಎತ್ತಿದ ನೀರಿನಿಂದ ಬೆಳೆದ ಟೊಮೆಟೊ ಪೂರ್ತಿ ಆದಾಯವೇ. ಅದರಲ್ಲಿ ಏನನ್ನೂ ಕಳೆಯಬೇಕೆಂದು ನಾನು ಹೇಳುತ್ತಿಲ್ಲ. ಕಳೆಯಬೇಕಾದದ್ದು ಅದಕ್ಕಿಂತ ಹೆಚ್ಚಾಗಿ, ಹಳೆಯ ದಾಸ್ತಾನಿನಿಂದ ತೆಗೆದ ಭಾಗವನ್ನು ಮಾತ್ರ. ಆ ಭಾಗ ಎಷ್ಟೆಂದು ತಿಳಿಯಲು ಹೊಸ ಇಲಾಖೆಯೇನೂ ಬೇಕಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯು ರಾಜ್ಯದ ಇಲಾಖೆಯೊಡಗೂಡಿ ತಾಲ್ಲೂಕುವಾರು ಲೆಕ್ಕ ಮಾಡುತ್ತದೆ. ಎತ್ತಬಹುದಾದ ನೀರಿನಲ್ಲಿ ಶೇ 70ರವರೆಗೆ ಎತ್ತಿದರೆ ಸುರಕ್ಷಿತ, ಶೇ 100 ದಾಟಿದರೆ ಅತಿಬಳಕೆ ಎಂದು ವಿಂಗಡಿಸುತ್ತದೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಬಹುಕಾಲದಿಂದ ಈ ಕೊನೆಯ ವರ್ಗದಲ್ಲಿದೆ. ಒಂದು ಇಲಾಖೆಯ ಪುಸ್ತಕದಲ್ಲಿ ಆಸ್ತಿ ಕರಗುತ್ತಿದೆಯೆಂದು ಬರೆದಿದ್ದರೂ ಇನ್ನೊಂದು ಇಲಾಖೆಯ ಪುಸ್ತಕದಲ್ಲಿ ಅದೇ ನೀರು ಆದಾಯದ ಏರಿಕೆಯಾಗಿ ಮಾತ್ರ ಕಾಣುತ್ತದೆ. ನೀರು ಬೀಳಲಿ ಬೀಳದಿರಲಿ ರಿಗ್‌ನವರಿಗೆ ಸಂದ ಬಾಡಿಗೆ ಉತ್ಪನ್ನಕ್ಕೆ ಸೇರುತ್ತದೆ, ಬಾವಿ ಬತ್ತಿದ ಮೇಲೆ ಬರುವ ಟ್ಯಾಂಕರಿನ ಸಂಪಾದನೆಯೂ ಸೇರುತ್ತದೆ, ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾದಾಗ ಊರೂರಿಗೆ ಹಾಕಿದ ಶುದ್ಧ ನೀರಿನ ಘಟಕಗಳ ವೆಚ್ಚವೂ ಸೇರುತ್ತದೆ.

ಇದೇ ವಿಷಯ ಸಾಮಾನ್ಯ ಜನರಿಗೆ ಎಷ್ಟು ಸಹಜವಾಗಿ ತಿಳಿಯುತ್ತದೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಮಗಳನ್ನು ವಿದೇಶಕ್ಕೆ ಓದಲು ಕಳಿಸುವ ಹಿರಿಯ ರೈತರೊಬ್ಬರು ಆಸ್ತಿಯ ನಿವ್ವಳ ಮೌಲ್ಯದ ಪ್ರಮಾಣಪತ್ರಕ್ಕಾಗಿ ಬಂದಿದ್ದರು. ಜಮೀನು, ದನದ ಕೊಟ್ಟಿಗೆ, ಠೇವಣಿ ಎಲ್ಲವನ್ನೂ ಬರೆಸಿ, ತಾವು ಕೊರೆಸಿದ ಕೊಳವೆಬಾವಿಗಳಿಗೆ ಹಾಕಿದ ಹಣವನ್ನೂ ಸೇರಿಸಲು ಹೇಳಿದರು. ಎಷ್ಟರಲ್ಲಿ ನೀರಿದೆಯೆಂದು ಕೇಳಿದಾಗ, ಒಂದರಲ್ಲಿ ಮಾತ್ರ ಎಂದರು. ಉಳಿದವನ್ನು ಬರೆಯಲಾಗದೆಂದು ನಾನು ಹೇಳುವ ಮೊದಲೇ ಅವರು ಮಗಳ ಕಡೆ ತಿರುಗಿ, "ಹೋದ ಬೋರನ್ನ ಆಸ್ತಿ ಅಂದ್ರೆ ಬ್ಯಾಂಕಿನೋರು ಒಪ್ತಾರೇನಮ್ಮ, ತೆಗೆಸು" ಎಂದರು. ನೀರಿದ್ದಾಗಿನ ಬೆಲೆ ಈಗ ಆ ಜಮೀನಿಗೆ ಇಲ್ಲವೆಂದೂ ಅವರೇ ಹೇಳಿ ಕಡಿಮೆ ಬರೆಸಿದರು. ಆ ವರ್ಷ ಅವರ ಟೊಮೆಟೊ ಆದಾಯ ಚೆನ್ನಾಗಿತ್ತು. ಆದಾಯ ಏರಿದ ವರ್ಷವೇ ಆಸ್ತಿ ಇಳಿಯಬಹುದೆಂಬುದರಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ.

ನಾನು ಹೇಳುವುದು ಕಾರ್ಯಸಾಧ್ಯವಲ್ಲ ಎನ್ನುವವರಿಗೆ ಟೆಕ್ಸಾಸಿನ ಉದಾಹರಣೆ ಕೊಡುತ್ತೇನೆ. ಅಲ್ಲಿನ ಒಗಲಾಲ ಜಲಸ್ತರ ಮಳೆಯಿಂದ ತುಂಬುವುದು ತೀರ ಅತ್ಯಲ್ಪ. ಅಲ್ಲಿನ ರೈತ ಕುಟುಂಬವೊಂದು ತನ್ನ ಜಮೀನಿನಡಿಯ ನೀರು ಕಡಿಮೆಯಾದದ್ದನ್ನು ತೆರಿಗೆ ಲೆಕ್ಕದಲ್ಲಿ ಬಂಡವಾಳದ ನಷ್ಟವಾಗಿ ಕಳೆಯಲು ಕೇಳಿತು. 1965ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಿತು. ಜಮೀನು ಕೊಳ್ಳುವಾಗ ನೀರಿಗಾಗಿ ತೆತ್ತ ಪಾಲು ಎಷ್ಟು, ಆ ವರ್ಷ ಜಲಮಟ್ಟ ಎಷ್ಟು ಇಳಿಯಿತು ಎಂಬ ಎರಡು ಅಂಶಗಳ ಮೇಲೆ ಆ ಕಡಿತ ನಿಂತಿದೆ. ಇಂಥ ವಿನಾಯಿತಿ ನಮ್ಮಲ್ಲೂ ಬರಲಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಅದು ಹೆಚ್ಚು ನೀರೆತ್ತುವವರಿಗೆ ಹೆಚ್ಚು ಲಾಭ ಕೊಡುವ ಅಪಾಯವಿದೆ. ಅಳೆಯಲು ಸಾಧ್ಯವೆಂಬುದಕ್ಕೆ ಮಾತ್ರ ಅದು ಸಾಕ್ಷಿ. ಇಡೀ ದೇಶದ ಮಟ್ಟದಲ್ಲಿ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ 1989ರಲ್ಲಿ ಇಂಡೊನೇಷ್ಯಾದ ಲೆಕ್ಕವನ್ನು ಹೀಗೆ ತಿರುಗಿ ನೋಡಿತು: 1971ರಿಂದ 1984ರವರೆಗೆ ವರ್ಷಕ್ಕೆ ಶೇ 7.1ರಷ್ಟು ಎನ್ನಲಾಗಿದ್ದ ಬೆಳವಣಿಗೆ, ಎಣ್ಣೆ, ಮರ, ಮಣ್ಣಿನ ನಷ್ಟ ಕಳೆದಾಗ ಶೇ 4ಕ್ಕೆ ಇಳಿಯಿತು.

ಆದರೂ ಎಲ್ಲವನ್ನೂ ಒಂದೇ ರೂಪಾಯಿ ಅಂಕಿಗೆ ತರಲು ಹೊರಡುವವರ ಬಗ್ಗೆ ನನಗೆ ಹಿಂಜರಿಕೆಯಿದೆ. ಚೀನಾ 2004ರ ಸಾಲಿಗೆ ಮಾಲಿನ್ಯದ ನಷ್ಟ ಉತ್ಪನ್ನದ ಶೇ 3.05 ಎಂದು 2006ರಲ್ಲಿ ಪ್ರಕಟಿಸಿ, ಮರುವರ್ಷವೇ ಪ್ರಕಟಣೆ ನಿಲ್ಲಿಸಿತು. ವಿಧಾನದ ತಕರಾರುಗಳ ಜೊತೆ ಪ್ರಾಂತ್ಯಗಳ ವಿರೋಧವೂ ಇತ್ತು. ಕಾಡಿಗೋ ಕೆರೆಗೋ ಕಟ್ಟಿದ ಬೆಲೆ ಊಹೆಗಳ ಮೇಲೆ ನಿಂತಿರುವುದರಿಂದ ಅದನ್ನು ಕೆಡಹುವುದೂ ಸುಲಭ. ನಮ್ಮಲ್ಲಿ ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತ ಅವರ ಸಮಿತಿ 2013ರಲ್ಲೇ, ಪ್ರಕೃತಿಯ ಸಂಪತ್ತನ್ನೂ ಲೆಕ್ಕಕ್ಕೆ ಹಿಡಿಯುವ ಹಸಿರು ಲೆಕ್ಕದ ಚೌಕಟ್ಟನ್ನು ಕೊಟ್ಟಿದೆ, ಕೇಂದ್ರ ಸಾಂಖ್ಯಿಕ ಸಚಿವಾಲಯ 2018ರಿಂದ ಪರಿಸರ ಲೆಕ್ಕಗಳ ವರದಿಗಳನ್ನು ಹೊರತರುತ್ತಿದೆ. ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗ 2025ರಲ್ಲಿ ಒಪ್ಪಿದ ಹೊಸ ಪದ್ಧತಿಯು ನೈಸರ್ಗಿಕ ಸಂಪತ್ತಿನ ಬರಿದಾಗುವಿಕೆಯನ್ನು ಉತ್ಪಾದನೆಯ ಖರ್ಚೆಂದೇ ಕಳೆಯಲು ಹೇಳುತ್ತದೆ. ಅದು ಜಿಲ್ಲೆಯ ಮಟ್ಟಕ್ಕೆ ಇಳಿಯಲು ವರ್ಷಗಳೇ ಬೇಕಾಗಬಹುದು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಜಿಲ್ಲೆಯ ಆದಾಯದ ಕೋಷ್ಟಕದ ಪಕ್ಕದ ಪುಟದಲ್ಲೇ ಪ್ರತಿ ತಾಲ್ಲೂಕಿನ ನೀರಿಗೂ ವರ್ಷಾರಂಭದ ಮಟ್ಟ, ತುಂಬಿದ್ದು, ಎತ್ತಿದ್ದು, ವರ್ಷಾಂತ್ಯದ ಮಟ್ಟ ಎಂದು ನಾಲ್ಕು ಕಲಮುಗಳನ್ನು ಘನ ಮೀಟರು ಮತ್ತು ಅಡಿಗಳಲ್ಲೇ ಮುದ್ರಿಸಬೇಕು, ರೂಪಾಯಿ ಸದ್ಯಕ್ಕೆ ಬೇಡ. ಇದರಿಂದ ಒಳ್ಳೆಯದೂ ಕಾಣಿಸುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಅದರ ಗುಣಮಟ್ಟದ ಬಗೆಗಿನ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ಆ ಕೆರೆಗಳ ಸುತ್ತ ಬತ್ತಿದ್ದ ಬಾವಿಗಳಲ್ಲಿ ನೀರು ಕಾಣಿಸಿಕೊಂಡದ್ದೂ ನಿಜ. ಈಗಿನ ಲೆಕ್ಕದಲ್ಲಿ ಆ ಯೋಜನೆಯ ಪೈಪು, ಪಂಪು, ವಿದ್ಯುತ್ತಿನ ಖರ್ಚು ಮಾತ್ರ ದಾಖಲಾಗಿದೆ, ನೆಲದಡಿಗೆ ಮರಳಿ ಸೇರಿದ ನೀರಿಗೆ ಜಮೆಯ ಕಡೆ ಒಂದು ಸಾಲೂ ಇಲ್ಲ.