ತಿಳಿಗುಲಾಬಿ ಪದಕ್ಕೆ ರಕ್ತ ಮೆತ್ಕೊಂಡಿದ್ದು ಹೇಗೆ?

ಇನ್‌ಕಾರ್ನಡೈನ್. ಇಂಗ್ಲಿಷಲ್ಲಿ ತುಂಬಾ ಓದೋರಿಗೂ ಈ ಕ್ರಿಯಾಪದ ಸಿಗೋದು ಅಪರೂಪ, ಸಿಕ್ರೆ ಹೆಚ್ಚಾಗಿ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕದಲ್ಲೇ. ಅರ್ಥ ಏನೋ ಸಿಂಪಲ್, ಕೆಂಪಾಗಿಸು ಅಂತ, ಅದ್ರಲ್ಲೂ ರಕ್ತದಂಥ ಕೆಂಪು. ಆದ್ರೆ ಮೊದ್ಲು ಇದಕ್ಕೂ ರಕ್ತಕ್ಕೂ ಸಂಬಂಧಾನೇ ಇರ್ಲಿಲ್ಲ.

ಬೇರು ಲ್ಯಾಟಿನ್‌ದು, ಮಾಂಸ ಅನ್ನೋ ಅರ್ಥದ್ದು. ಕಾರ್ನಿವೋರ್, ಇನ್‌ಕಾರ್ನೇಶನ್ ಎಲ್ಲ ಇದರ ದಾಯಾದಿಗಳೇ (ಅವತಾರ ಅನ್ನೋಕೆ ಅವರು ಬಳಸೋ ಪದದೊಳಗೂ ಮಾಂಸ ಕೂತಿದೆ ನೋಡಿ). ಇಟಲಿ, ಫ್ರಾನ್ಸ್ ದಾಟ್ಕೊಂಡು 16ನೇ ಶತಮಾನದ ಕೊನೇಲಿ ಇಂಗ್ಲಿಷಿಗೆ ಬಂದಾಗ ಅದು ಬರೀ ಬಣ್ಣದ ಹೆಸರು, ಬಿಳಿಯರ ಮೈಬಣ್ಣದ ತಿಳಿಗುಲಾಬಿ.

ಅದನ್ನ ಕ್ರಿಯಾಪದ ಮಾಡಿದ್ದು ಶೇಕ್ಸ್‌ಪಿಯರ್, ಸುಮಾರು 1606ರಲ್ಲಿ. ಎರಡನೇ ಅಂಕ, ಎರಡನೇ ದೃಶ್ಯ, ಮ್ಯಾಕ್‌ಬೆತ್ ಆಗಷ್ಟೇ ರಾಜ ಡಂಕನ್‌ನ ಕೊಂದು ಬಂದಿದಾನೆ, ಕೈಯೆಲ್ಲ ರಕ್ತ, ಇಡೀ ಸಮುದ್ರದ ನೀರು ಹಾಕಿದ್ರೂ ಇದು ಹೋಗುತ್ತಾ ಅಂತ ಕೇಳ್ಕೊಂಡು, ಇಲ್ಲ, ಈ ಕೈಯೇ ಕಡಲುಗಳನ್ನೆಲ್ಲ ಇನ್‌ಕಾರ್ನಡೈನ್ ಮಾಡಿಬಿಡುತ್ತೆ ಅಂತಾನೆ. ನಂಗೆ ಇಷ್ಟ ಆಗೋದು ಅದರ ಮುಂದಿನ ಸಾಲು. 'ಮಲ್ಟಿಟ್ಯೂಡಿನಸ್', 'ಇನ್‌ಕಾರ್ನಡೈನ್' ಅಂತ ಬಾಯಿ ತುಂಬೋ ಲ್ಯಾಟಿನ್ ಪದಗಳು ಆದ್ಮೇಲೆ 'ಮೇಕಿಂಗ್ ದ ಗ್ರೀನ್ ಒನ್ ರೆಡ್', ಎಲ್ಲ ಮನೆಮಾತಿನ ಪುಟ್ಟ ಪದಗಳು. ಕಷ್ಟದ ಪದಕ್ಕೆ ಅರ್ಥ ಪಕ್ಕದಲ್ಲೇ ಇಟ್ಟಂಗಾಯ್ತು, ಅದೂ ಪದ್ಯ ಎಲ್ಲೂ ಮುಗ್ಗರಿಸದ ಹಾಗೆ.

ಆ ಪುಟ್ಟ ಸಾಲಲ್ಲೂ ಒಂದು ಜಗಳ ಇದೆ. 1623ರ ಫೋಲಿಯೋದಲ್ಲಿ, ಅಂದ್ರೆ ಶೇಕ್ಸ್‌ಪಿಯರ್ ನಾಟಕಗಳನ್ನ ಒಟ್ಟುಮಾಡಿ ಅಚ್ಚು ಹಾಕಿದ ದೊಡ್ಡ ಪುಸ್ತಕದಲ್ಲಿ, 'ಒನ್' ಆದ್ಮೇಲೆ ಕಾಮಾ ಇದೆ, ಹಾಗೆ ಓದಿದ್ರೆ 'ಹಸಿರಾಗಿರೋದನ್ನ ಕೆಂಪು ಮಾಡಿ' ಅಂತಾಗುತ್ತೆ, ಸ್ವಲ್ಪ ಸಪ್ಪೆ. ಕಾಮಾ ತೆಗೆದು 'ಒನ್ ರೆಡ್' ಅಂತ ಕೂಡಿಸಿ ಓದಿದ್ರೆ ಹಸಿರು ಕಡಲೆಲ್ಲ ಒಂದೇ ಕೆಂಪು. ನನ್ನ ವೋಟು ಇದಕ್ಕೇ.

ಅಲ್ಲಿಂದ ಪದದ ಬಣ್ಣಾನೇ ಬದಲಾಯ್ತು, ಮೈಬಣ್ಣ ಹಿಂದೆ ಸರೀತು, ರಕ್ತ ಮುಂದೆ ಬಂತು. ಆಮೇಲೆ ಬಳಸಿದೋರೆಲ್ಲ ಸ್ವಲ್ಪ ಮ್ಯಾಕ್‌ಬೆತ್ ವಾಸನೆ ಹೊತ್ಕೊಂಡೇ ಬಳಸಬೇಕಾಯ್ತು. 1859ರಲ್ಲಿ ಇಂಗ್ಲಿಷ್ ಕವಿ ಫಿಟ್ಜೆರಾಲ್ಡ್ ಉಮರ್ ಖಯ್ಯಾಮನ ರುಬಾಯಿಗಳನ್ನ ಇಂಗ್ಲಿಷಿಗೆ ತಂದಾಗ ಮಾತ್ರ ಕೊಲೆ ಇಲ್ಲ, ಕತ್ತಿ ಇಲ್ಲ, ಗುಲಾಬಿಯ ಹಳದಿ ಕೆನ್ನೆ ಕೆಂಪಾಗ್ಲಿ ಅಂತ ಬುಲ್‌ಬುಲ್ ವೈನ್ ಕೇಳುತ್ತೆ. ಮುಂದಿನ ಆವೃತ್ತಿಗಳಲ್ಲಿ ಆ 'ಹಳದಿ' ಹೋಗಿ ಕಳೆಗುಂದಿದ ಕೆನ್ನೆ ಅಂತಾಯ್ತು, ಇನ್‌ಕಾರ್ನಡೈನ್ ಮಾತ್ರ ಅಲ್ಲೇ ಉಳೀತು.