‘ಲೆಟ್ ಆಫ್ ಸ್ಟೀಮ್’: ಹಬೆ ಹೆಚ್ಚಾದಾಗ ಆಡುವ ಮಾತು

‘ದುಡಿದು ದುಡಿದು ಸುಸ್ತಾಗಿದೆ, ಮಲಗಿ ಲೆಟ್ ಆಫ್ ಸ್ಟೀಮ್ ಮಾಡ್ತೀನಿ’ ಎಂಬಂಥ ಬಳಕೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಈ ಇಂಗ್ಲಿಷ್ ನುಡಿಗಟ್ಟಿನ ನೇರ ಅರ್ಥ ಹಬೆ ಹೊರಬಿಡುವುದು, ಅಂದರೆ ಒಳಗೆ ತುಂಬಿದ ಸಿಟ್ಟು, ಬಿಗುವು, ಹುರುಪನ್ನು ಹೊರಹಾಕಿ ಹಗುರಾಗುವುದು. ಸುಸ್ತಾದವರಲ್ಲಿ ಹೊರಬಿಡಲು ಹಬೆ ಎಲ್ಲಿರುತ್ತದೆ? ಅವರದು ‘ರನ್ ಔಟ್ ಆಫ್ ಸ್ಟೀಮ್’, ಅಂದರೆ ಕಸುವೇ ತೀರಿದ ಸ್ಥಿತಿ. ಒಂದು ಹಬೆ ಮಿತಿಮೀರಿದಾಗ ಹೇಳುವ ಮಾತು, ಇನ್ನೊಂದು ಹಬೆ ತೀರಿದಾಗ ಹೇಳುವುದು. ಅದಲುಬದಲು ಮಾಡಿದರೆ ಅರ್ಥವೇ ತಲೆಕೆಳಗು.

ಎರಡೂ ಉಗಿಯಂತ್ರದ ಕಾಲದವು. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಮುಚ್ಚಿದ ಬಾಯ್ಲರಿನಲ್ಲಿ ಹಿಗ್ಗಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಫ್ರಾನ್ಸಿನ ಡೆನಿ ಪಾಪೆನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಮೂಳೆಯನ್ನೂ ಮೆತ್ತಗಾಗಿಸುವ ಬಿಗಿಮುಚ್ಚಳದ ಪಾತ್ರೆಯೊಂದನ್ನು ತೋರಿಸಿದ. ಅದು ಸಿಡಿಯದಿರಲೆಂದು ತೂಕ ತೂಗುಬಿಟ್ಟ ಸನ್ನೆಕೋಲಿನ ವಾಲ್ವನ್ನೂ ರೂಪಿಸಿದ. ಒತ್ತಡ ಮಿತಿ ದಾಟಿದರೆ ತೂಕ ಮೇಲೇಳುತ್ತದೆ, ಹಬೆ ನುಗ್ಗುತ್ತದೆ. ಒತ್ತಡ ಇಳಿದೊಡನೆ ವಾಲ್ವ್ ಮತ್ತೆ ಕೂರುತ್ತದೆ. 1803ರಲ್ಲಿ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಉಗಿಯಂತ್ರ ಕಟ್ಟುತ್ತಿದ್ದ ಎಂಜಿನಿಯರ್ ರಿಚರ್ಡ್ ಟ್ರೆವಿಥಿಕ್‌ನ ಬಾಯ್ಲರ್ ಸಿಡಿದು ನಾಲ್ವರು ಸತ್ತರು. ಆಮೇಲೆ ಆತ ಒಂದಲ್ಲ, ಎರಡು ವಾಲ್ವ್ ಇರಿಸತೊಡಗಿದ.

ವಾಲ್ವ್ ಹಬೆಯನ್ನೆಲ್ಲ ಖಾಲಿ ಮಾಡುವುದಿಲ್ಲ, ಹೆಚ್ಚಾದಷ್ಟನ್ನೇ ಬಿಡುತ್ತದೆ. ಇದನ್ನು ಹಿಡಿದರೆ ನುಡಿಗಟ್ಟು ಪೂರ್ತಿ ಕೈಗೆ ಸಿಕ್ಕಂತೆ. ರೈಲು ನಿಲ್ದಾಣದಲ್ಲಿ ನಿಂತಾಗ ಎಂಜಿನ್ ಹಬೆ ಬಳಸುವುದಿಲ್ಲ, ಒಲೆ ಮಾತ್ರ ಉರಿಯುತ್ತಲೇ ಇರುತ್ತದೆ. ಆಗಲೇ ವಾಲ್ವ್ ಬುಸ್ಸೆನ್ನುವುದು. ಅಷ್ಟಾದರೂ ಮುಂದಿನ ಓಟಕ್ಕೆ ಬೇಕಾದ ಹಬೆ ಒಳಗೆ ಉಳಿದಿರುತ್ತದೆ. ಮೂರು ತಾಸು ಪರೀಕ್ಷೆ ಬರೆದ ಮಕ್ಕಳು ಬಯಲಿಗೆ ಬಂದು ಕಿರುಚಿ ಓಡುವುದು, ಬಿಗುವಿನ ಸಭೆ ಮುಗಿಸಿದವರು ಗೆಳೆಯರೆದುರು ಹತ್ತು ನಿಮಿಷ ಗೊಣಗಿ ಮತ್ತೆ ಕೆಲಸಕ್ಕೆ ಕೂರುವುದು, ಇವು ಅಪ್ಪಟ ಲೆಟ್ ಆಫ್ ಸ್ಟೀಮ್.

ಕೈಕೆಳಗಿನವರ ಮೇಲೆ ರೇಗಿ, ‘ಸ್ಟೀಮ್ ಬಿಟ್ಟೆ ಅಷ್ಟೇ’ ಎನ್ನುವವರನ್ನು ನಾನು ಒಪ್ಪಲಾರೆ. ವಾಲ್ವ್ ಇರುವುದೇ ಯಾರಿಗೂ ಪೆಟ್ಟಾಗದಿರಲಿ ಎಂದು. ಸಿಟ್ಟು ಹೊರಹಾಕಿದರೆ ಇಳಿದೇ ಇಳಿಯುತ್ತದೆ ಎಂಬ ನಂಬಿಕೆಯೂ ಗಟ್ಟಿಯಲ್ಲ: 2002ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ ಅವರ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನೇ ನೆನೆಯುತ್ತ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಸಿಟ್ಟು, ಸುಮ್ಮನೆ ಕೂತವರದಕ್ಕಿಂತ ಹೆಚ್ಚೇ ಇತ್ತು. ಬಾಯ್ಲರಿಗೆ ಒಗ್ಗುವ ಲೆಕ್ಕ ಮನಸ್ಸಿಗೂ ಹಾಗೇ ಒಗ್ಗುವುದಿಲ್ಲ.

ಅಮೆರಿಕದವರ ‘ಬ್ಲೋ ಆಫ್ ಸ್ಟೀಮ್’ ಕೂಡ ಇದೇ ಮಾತು, ಬೇರೆ ಅರ್ಥ ಹುಡುಕಬೇಕಿಲ್ಲ.