ದನ ಸತ್ತ ಮೇಲೆ ಬರುವ ದುಡ್ಡು

ಕಾಲುಬಾಯಿ ಜ್ವರ ಬಂದ ಹಸುವನ್ನು ಹತ್ತಿರದಿಂದ ನೋಡಿದವರು ಅದನ್ನು ಮರೆಯುವುದಿಲ್ಲ. ಜೊಲ್ಲು ದಾರದ ಹಾಗೆ ಬಾಯಿಂದ ನೆಲದವರೆಗೆ ಇಳಿಯುತ್ತಿರುತ್ತದೆ. ಚಪ್ ಚಪ್ ಅಂತ ಬಾಯಿ ಚಪ್ಪರಿಸುತ್ತಲೇ ಇರುತ್ತದೆ. ಹಸಿವು ತಡೆಯದೆ ಹುಲ್ಲಿಗೆ ಮೂತಿ ಹಾಕುತ್ತದೆ, ಉರಿ ತಡೆಯದೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನಾಲಿಗೆಯ ಗುಳ್ಳೆ ಒಡೆದು ಸಿಪ್ಪೆ ಎದ್ದಿರುತ್ತದೆ. ಗೊರಸಿನ ಸಂದಿಯಲ್ಲಿ ಹುಣ್ಣು, ನೊಣ ಕೂತರೆ ಹುಳ. ಮನೆಯವರು ರಾಗಿ ಅಂಬಲಿ ಕುಡಿಸುತ್ತಾರೆ, ಬಾಳೆಹಣ್ಣು ತಿನ್ನಿಸುತ್ತಾರೆ, ಕಾಲು ತೊಳೆದು ಔಷಧಿ ಹಚ್ಚುತ್ತಾರೆ. ಇಷ್ಟೆಲ್ಲ ಮಾಡಿ ಹಸು ಬದುಕಿದರೂ ಮೊದಲಿನಷ್ಟು ಹಾಲಿಗೆ ಬರುವುದು ಕಷ್ಟ.

2013ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ರಾಮನಗರದ ಕಡೆ ಎಷ್ಟೋ ಕೊಟ್ಟಿಗೆಗಳಲ್ಲಿ ಇದೇ ಪಾಡಾಗಿತ್ತು. ಸಾವಿರಾರು ದನ ಸತ್ತವು. ಸಾಲ ಮಾಡಿ ತಂದಿದ್ದ ಸೀಮೆಹಸುಗಳೇ ಜಾಸ್ತಿ. ಲಸಿಕೆ ಹಾಕಿಸಿದ್ದ ದನಕ್ಕೂ ರೋಗ ಬಂತು ಅಂತ ರೈತರು ಹೇಳಿದರು. ಲಸಿಕೆಯಲ್ಲೇ ಸತ್ವ ಇತ್ತಾ ಅನ್ನುವ ಪ್ರಶ್ನೆ ಎದ್ದಿತು. ಸರ್ಕಾರ ಪರಿಹಾರ ಘೋಷಿಸಿತು, ಸಂತೆಗಳು ನಿಂತವು. ದುಡ್ಡೇನೋ ಬಂತು, ಆದರೆ ದನ ಸತ್ತ ಮೇಲೆ.

ಇದನ್ನು ಒಂದು ವರ್ಷದ ಎಡವಟ್ಟು ಅಂತ ಬಿಟ್ಟುಬಿಡುವ ಹಾಗಿಲ್ಲ. ಪ್ರಾಣಿರೋಗಕ್ಕೆ ನಮ್ಮ ಸರ್ಕಾರಗಳು ಹೇಗೆ ದುಡ್ಡು ಹಾಕುತ್ತಾ ಬಂದಿವೆ ಅನ್ನುವುದರ ಕಥೆ ಇದು, ಮತ್ತು ಹಳೆಯ ಕಥೆ.

ಶುರುವಾದದ್ದು ದೊಡ್ಡರೋಗದಿಂದ. ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್. ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ದೊಡ್ಡ ಗೆಲುವು. ಒಂದು ಕೊಟ್ಟಿಗೆಗೆ ಹೊಕ್ಕರೆ ಇಡೀ ಊರಿನ ಉಳುಮೆಯೇ ನಿಲ್ಲುತ್ತಿತ್ತು. ಅದನ್ನು ಅರಿಯಲೆಂದೇ ಬ್ರಿಟಿಷರು 1889ರಲ್ಲಿ ಪುಣೆಯಲ್ಲಿ ಪ್ರಯೋಗಾಲಯ ತೆರೆದರು. ನಾಲ್ಕು ವರ್ಷಕ್ಕೆ ಅದು ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಮೈಸೂರು ಸಂಸ್ಥಾನ ಸುಮ್ನೆ ಕೂರಲಿಲ್ಲ. 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುಮಾಡಿತು. ದೊಡ್ಡರೋಗಕ್ಕೆ ಸೀರಂ, ಅಂದರೆ ರೋಗ ತಡೆಯುವ ರಕ್ತದ ತಿಳಿ, ತಯಾರಿಸುವುದೇ ಅದರ ಕೆಲಸ. ಇವತ್ತು ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದರದ್ದೇ ಮುಂದುವರಿಕೆ. ರಾಜ್ಯದ ಗಳಲೆ, ಚಪ್ಪೆ, ನೆರಡಿ ರೋಗಗಳ ಲಸಿಕೆ ಅಲ್ಲಿಂದಲೇ ಹಳ್ಳಿಗೆ ಹೋದವು.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ದನ ದೊಡ್ಡರೋಗಕ್ಕೆ ಸಾಯುತ್ತಿದ್ದವು. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ಕೆಲವೇ ವರ್ಷದಲ್ಲಿ ರೋಗ ತುಂಬಾ ಇಳಿಯಿತು. ಇಳಿದ ಮೇಲೆ ನಿಜವಾದ ಕಷ್ಟ ಎದುರಾಯಿತು. ಅಲ್ಲೊಂದು ಇಲ್ಲೊಂದು ಊರಿನಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ಅದು ಮತ್ತೆ ಮತ್ತೆ ತಲೆ ಎತ್ತುತ್ತಲೇ ಇತ್ತು. 1990ರ ದಶಕದಲ್ಲಿ ಯುರೋಪಿಯನ್ ಒಕ್ಕೂಟದ ನೆರವೂ ಸೇರಿಕೊಂಡು ಪಟ್ಟು ಬಿಡದೆ ಕೆಲಸ ನಡೆಯಿತು. ದೇಶದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ.

ನನಗೆ ಈ ಕಥೆಯಲ್ಲಿ ಹೆಚ್ಚು ಮುಖ್ಯ ಅನಿಸುವುದು ಅಲ್ಲಿಂದ ಮುಂದಿನ ಭಾಗ. ರೋಗ ಹೋಯಿತು ಅಂತ ದುಡ್ಡು ನಿಲ್ಲಿಸಲಿಲ್ಲ. ಲಸಿಕೆ ನಿಲ್ಲಿಸಿದರು, ಹುಡುಕುವುದನ್ನು ನಿಲ್ಲಿಸಲಿಲ್ಲ. ಸಿಬ್ಬಂದಿ ಊರೂರಿಗೆ ಹೋಗಿ ಇಂಥ ಲಕ್ಷಣದ ದನ ಕಂಡಿರಾ ಅಂತ ಕೇಳಿದರು. ರಕ್ತದ ಮಾದರಿ ತಂದು ಪರೀಕ್ಷಿಸಿದರು. ಹೀಗೆ ಹತ್ತು ವರ್ಷ ದಾಟಿದ ಮೇಲೆ, 2006ರ ಮೇ ತಿಂಗಳಲ್ಲಿ, ಭಾರತ ಈ ಸೋಂಕಿನಿಂದ ಮುಕ್ತ ಅಂತ ವಿಶ್ವ ಪಶು ಆರೋಗ್ಯ ಸಂಸ್ಥೆ ಒಪ್ಪಿತು. 2011ರಲ್ಲಿ ಇಡೀ ಪ್ರಪಂಚವೇ ಮುಕ್ತವಾಯಿತು. ಸಿಡುಬು ಬಿಟ್ಟರೆ ಮನುಷ್ಯ ಭೂಮಿಯಿಂದ ಪೂರ್ತಿ ಅಳಿಸಿದ ರೋಗ ಇದೊಂದೇ.

ಕಾಲುಬಾಯಿ ಜ್ವರಕ್ಕೆ ಇಂಥ ಹಟ ಬಹಳ ಕಾಲ ಸಿಗಲಿಲ್ಲ. ಒಂದು ಕಾರಣ ರೋಗದ ಗುಣ. ದೊಡ್ಡರೋಗದ ಲಸಿಕೆ ಒಮ್ಮೆ ಹಾಕಿದರೆ ಬಹುಕಾಲ ಕಾಯುತ್ತಿತ್ತು. ಕಾಲುಬಾಯಿಯದು ಸುಮಾರು ಆರು ತಿಂಗಳು ಅಷ್ಟೇ. ವರ್ಷಕ್ಕೆ ಎರಡು ಸಲ, ಪ್ರತಿ ದನಕ್ಕೂ, ಪ್ರತಿ ವರ್ಷ ಹಾಕಬೇಕು. ಇನ್ನೊಂದು, ಈ ರೋಗಕ್ಕೆ ದೊಡ್ಡ ದನ ಸಾಯುವುದು ಸಾಮಾನ್ಯವಾಗಿ ಕಮ್ಮಿ. ಹಾಲು ಬತ್ತುತ್ತದೆ, ಎತ್ತು ಕುಂಟುತ್ತದೆ, ಕರು ಸಾಯುತ್ತದೆ. ನಷ್ಟ ಮನೆಮನೆಯಲ್ಲಿ ಹಂಚಿಹೋಗಿ ಬಜೆಟ್ ಬರೆಯುವವರ ಕಣ್ಣಿಗೆ ಬೀಳುವುದಿಲ್ಲ. ಒಟ್ಟು ಹಾಕಿದರೆ ದೇಶಕ್ಕೆ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿಯ ಅಂದಾಜು ನಷ್ಟ.

ಕೇಂದ್ರದ ಕಾಲುಬಾಯಿ ನಿಯಂತ್ರಣ ಯೋಜನೆ 2003-04ರಲ್ಲಿ ಶುರುವಾದಾಗ ಇದ್ದದ್ದು 8 ರಾಜ್ಯಗಳ 54 ಜಿಲ್ಲೆ ಮಾತ್ರ. ದನಕ್ಕೆ ಜಿಲ್ಲೆಯ ಗಡಿ ಗೊತ್ತಾ? ಒಂದು ಸಂತೆಯಲ್ಲಿ ಕೊಂಡ ಹಸು ಮಾರನೇ ದಿನ ಇನ್ನೊಂದು ಜಿಲ್ಲೆಯ ಕೊಟ್ಟಿಗೆಯಲ್ಲಿರುತ್ತದೆ. 2010-11ರ ವಿಸ್ತರಣೆಯಲ್ಲಿ 221 ಜಿಲ್ಲೆಗಳಾದವು, ದಕ್ಷಿಣದ ರಾಜ್ಯಗಳೂ ಸೇರಿದವು. ಅದಾಗಿ ಎರಡು ಮೂರು ವರ್ಷಕ್ಕೇ 2013ರ ಹೊಡೆತ ಬಿತ್ತು.

ದೊಡ್ಡ ಹಣ ಬಂದದ್ದು 2019ರಲ್ಲಿ. ಸೆಪ್ಟೆಂಬರ್ 11ರಂದು ಮಥುರಾದಲ್ಲಿ ಪ್ರಧಾನಿ ಚಾಲನೆ ಕೊಟ್ಟ ಕಾರ್ಯಕ್ರಮಕ್ಕೆ ಐದು ವರ್ಷಕ್ಕೆ 13,343 ಕೋಟಿ ರೂಪಾಯಿ, ಪೂರ್ತಿ ಕೇಂದ್ರದ್ದೇ. ದನ, ಎಮ್ಮೆ, ಕುರಿ, ಮೇಕೆ, ಹಂದಿ ಎಲ್ಲಕ್ಕೂ ಕಾಲುಬಾಯಿ ಲಸಿಕೆ. ಗಬ್ಬದ ದನ ಕಂದು ಹಾಕುವ ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ. ಕಿವಿಗೆ 12 ಅಂಕಿಯ ಓಲೆ. 2030ರ ಹೊತ್ತಿಗೆ ನಿರ್ಮೂಲನೆ ಗುರಿ. ವರ್ಷದ ಲೆಕ್ಕ ಹಾಕಿದರೆ 2,700 ಕೋಟಿಗಿಂತ ಸ್ವಲ್ಪ ಕಮ್ಮಿ. 20 ಸಾವಿರ ಕೋಟಿ ನಷ್ಟದ ಎದುರು ಇದು ಒಳ್ಳೆಯ ಖರ್ಚು, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಆರಂಭದಲ್ಲೇ ಲಸಿಕೆಯ ಗುಣಮಟ್ಟದ ತಕರಾರು, ಜೊತೆಗೆ ಕೋವಿಡ್, ಕೆಲಸ ತಡವಾಯಿತು.

ಅಷ್ಟರಲ್ಲಿ ಇನ್ನೊಂದು ರೋಗ ಬಂತು. 2019ರಲ್ಲಿ ಒಡಿಶಾದಲ್ಲಿ ಚರ್ಮಗಂಟು ರೋಗ ಮೊದಲು ಕಾಣಿಸಿತು. ಹೊಸ ರೋಗ, ಅದಕ್ಕೇ ಅಂತ ಮಾಡಿದ ಲಸಿಕೆ ನಮ್ಮಲ್ಲಿ ಇರಲಿಲ್ಲ. ಮೇಕೆ ಸಿಡುಬಿನ ಲಸಿಕೆಯನ್ನೇ ಹಾಕಬೇಕಾಯಿತು. ಮೂರು ವರ್ಷ ಸಮಯ ಸಿಕ್ಕಿತ್ತು. 2022ರಲ್ಲಿ ರಾಜಸ್ಥಾನ, ಗುಜರಾತಿನಲ್ಲಿ ರಸ್ತೆ ಬದಿ ದನದ ಹೆಣ ರಾಶಿ ಬಿದ್ದವು. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸತ್ತವು. ಹಾವೇರಿ, ಧಾರವಾಡ, ಕೋಲಾರಕ್ಕೂ ಬಂತು. ರಾಜ್ಯ ಸರ್ಕಾರ ಸತ್ತ ಎತ್ತಿಗೆ 30 ಸಾವಿರ, ಹಸುವಿಗೆ 20 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಕೊಟ್ಟಿತು. ಒಳ್ಳೆ ಹಾಲಿನ ಹಸುವಿಗೆ ಅದರ ಎರಡು ಮೂರು ಪಟ್ಟು ಬೇಕು ಅಂತ ಸಂತೆಗೆ ಹೋಗುವ ಯಾರನ್ನು ಕೇಳಿದರೂ ಹೇಳುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಯಿತು, ಅಲ್ವಾ?

ಲಸಿಕೆಗೆ ದುಡ್ಡು ಕೊಡುವುದು ಸುಲಭ. ಬಾಟಲಿ ಕಾಣುತ್ತದೆ, ಫೋಟೊ ತೆಗೆಯಬಹುದು. ಪ್ರಯೋಗಾಲಯಕ್ಕೆ, ಅಲ್ಲಿನ ಜನಕ್ಕೆ, ವರ್ಷಪೂರ್ತಿ ಮಾದರಿ ತರುವ ಕೆಲಸಕ್ಕೆ ಕೊಡುವುದು ಕಷ್ಟ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಫಾರಂನಲ್ಲಿ ಟರ್ಕಿ ಕೋಳಿಗಳು ಸತ್ತಾಗ, ಅದು ಹಕ್ಕಿಜ್ವರವೇ ಅಂತ ಖಚಿತವಾಗಲು ಮಾದರಿ ಭೋಪಾಲಿಗೆ ಹೋಗಬೇಕಿತ್ತು. ಅಂಥ ವೈರಸ್ಸನ್ನು ಸುರಕ್ಷಿತವಾಗಿ ಮುಟ್ಟುವ ಪ್ರಯೋಗಾಲಯ ಇರುವುದು ಅಲ್ಲಿ. ಯಲಹಂಕದಲ್ಲಿ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆ ಇದೆ. ಮಳೆ, ಬಿಸಿಲು, ಹಿಂದಿನ ವರ್ಷಗಳ ದಾಖಲೆ ನೋಡಿ, ಮುಂದೆ ಯಾವ ಜಿಲ್ಲೆಗೆ ಯಾವ ರೋಗ ಬರಬಹುದು ಅಂತ ಮುಂಚೆಯೇ ಹೇಳುತ್ತದೆ. ಎಚ್ಚರಿಕೆ ಬಂದ ಜಿಲ್ಲೆಯಲ್ಲಿ ಪಶುವೈದ್ಯರ ಹುದ್ದೆ ಖಾಲಿ ಇದ್ದರೆ ಏನು ಮಾಡುವುದು?

ಹೆಬ್ಬಾಳದ ಸಂಸ್ಥೆಯದೇ ಇನ್ನೊಂದು ನೋವಿನ ಮಾತಿದೆ. ಮಲೆನಾಡಿನ ಮಂಗನ ಕಾಯಿಲೆಯ ಲಸಿಕೆ ಅಲ್ಲೇ ತಯಾರಾಗುತ್ತಿತ್ತು. ಲಸಿಕೆಯ ಶಕ್ತಿ ಕುಂದಿದೆ ಅಂತ ಗೊತ್ತಾಗಿ 2022ರ ಹೊತ್ತಿಗೆ ಕೊಡುವುದನ್ನೇ ನಿಲ್ಲಿಸಲಾಯಿತು. ಬದಲಿ ಲಸಿಕೆ ಕೈಯಲ್ಲಿರಲಿಲ್ಲ. 2024ರಲ್ಲೂ ಆ ಕಾಯಿಲೆಗೆ ಜನ ಸತ್ತರು.

ಇನ್ನು ಹಾಲಿನ ಮಾತು. ಕೊಟ್ಟಿಗೆಯ ರೋಗಕ್ಕೂ ನಮ್ಮ ಲೋಟಕ್ಕೂ ನಡುವೆ ಇರುವುದು ಒಂದೇ ಕೆಚ್ಚಲು. ಹಸುವಿಗೆ ಕೆಚ್ಚಲು ಬಾವು ಬಂದು ಆಂಟಿಬಯಾಟಿಕ್ ಕೊಟ್ಟರೆ ಕೆಲವು ದಿನ ಆ ಹಾಲನ್ನು ಡೇರಿಗೆ ಹಾಕಬಾರದು. ಮುಗ್ಗಿದ ಕಡಲೆಕಾಯಿ ಹಿಂಡಿ ತಿಂದರೆ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್, ಹಾಲಿಗೆ ಇಳಿಯುತ್ತದೆ. ಹಳ್ಳಿ ಡೇರಿಯಲ್ಲಿ ಬೆಳಿಗ್ಗೆ ಸಾಲಿನಲ್ಲಿ ಕ್ಯಾನು ಇಟ್ಟುಕೊಂಡು ನಿಂತವರ ಹಾಲಿನಿಂದ ಒಂದಿಷ್ಟು ತೆಗೆದು ಮಿಷನ್ನಿಗೆ ಕೊಡುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ಚೀಟಿ ಬರುತ್ತದೆ. ದರ ನಿಂತಿರುವುದು ಅದರ ಮೇಲೆ. ವಿಷದ ಸುದ್ದಿ ಆ ಚೀಟಿಯಲ್ಲಿ ಇರುವುದಿಲ್ಲ.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶಾದ್ಯಂತ 6,432 ಹಾಲಿನ ಮಾದರಿ ತೆಗೆದು ನೋಡಿತು. ಜನ ಹೆದರುವ ಯೂರಿಯಾ, ಡಿಟರ್ಜೆಂಟ್ ಕಲಬೆರಕೆ ಕಂಡದ್ದು ಬರೀ 12ರಲ್ಲಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ, ಆಂಟಿಬಯಾಟಿಕ್ 77ರಲ್ಲಿ. ಅಂದರೆ ತೊಂದರೆ ಇರುವುದು ಮೇವಿನಲ್ಲಿ, ಚಿಕಿತ್ಸೆಯಲ್ಲಿ. ಮೇವು, ಚಿಕಿತ್ಸೆ ಪಶುಪಾಲನಾ ಇಲಾಖೆಗೆ ಸೇರಿದ್ದು. ಹಾಲಿನ ಪರೀಕ್ಷೆ ಆರೋಗ್ಯ ಇಲಾಖೆಗೆ. ಹಸು ಒಂದೇ, ಖಾತೆ ಎರಡು.

2006ರ ಆಹಾರ ಸುರಕ್ಷತಾ ಕಾಯ್ದೆ ಜಾರಿಯಾದದ್ದು 2011ರಲ್ಲಿ. ಅದರ ಪ್ರಕಾರ ಮಾದರಿ ಕೈಗೆ ಬಂದ 14 ದಿನದಲ್ಲಿ ವಿಶ್ಲೇಷಕರು ವರದಿ ಕೊಡಬೇಕು. ಹಾಲಿನ ಪ್ಯಾಕೆಟ್ ಎರಡು ದಿನಕ್ಕೆ ಖಾಲಿ. 2024ರಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಯ 171 ಮಾದರಿ ನೋಡಿ, 107ರಲ್ಲಿ ಅಪಾಯಕಾರಿ ಬಣ್ಣ ಕಂಡು, ಬಣ್ಣ ನಿಷೇಧಿಸಿತು. ಒಳ್ಳೆಯ ಕೆಲಸವೇ. ಕೆಂಪು ಬಣ್ಣ ಕಣ್ಣಿಗೆ ಕಾಣುತ್ತದೆ. ಅದೇ ವರ್ಷ ಜೂನ್‌ನಲ್ಲಿ ಕೆಎಂಎಫ್‌ಗೆ ಬರುವ ಹಾಲು ದಿನಕ್ಕೆ 1 ಕೋಟಿ ಲೀಟರ್ ಮುಟ್ಟಿತು. ಅದರ ಮೂಲದಲ್ಲಿ, ಹಿಂಡಿ ಮೂಟೆಯ ಮಟ್ಟದಲ್ಲಿ ಪರೀಕ್ಷೆ ಮಾಡಲು ಎಷ್ಟು ಕೈ ಬೇಕು ಯೋಚಿಸಿ.

ಕೋವಿಡ್ ಆದ ಮೇಲೆ ಮಾತು ಸ್ವಲ್ಪ ಬದಲಾಗಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ವಿಶ್ವಬ್ಯಾಂಕ್ ಜೊತೆ ಸೇರಿ 1,228 ಕೋಟಿ ರೂಪಾಯಿಯ ಯೋಜನೆ ತಂದಿತು. ಐದೇ ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕ ಒಂದು. ಪ್ರಯೋಗಾಲಯ ಸುಧಾರಣೆ, ರೋಗದ ಮೇಲೆ ಕಣ್ಣಿಡುವುದು, ಸಿಬ್ಬಂದಿಗೆ ತರಬೇತಿ, ಇಷ್ಟು ದಿನ ಹಿಂದೆ ಬಿದ್ದಿದ್ದ ಕೆಲಸಗಳೇ ಅದರಲ್ಲಿವೆ. ಅಂತರರಾಷ್ಟ್ರೀಯ ಪ್ಯಾಂಡೆಮಿಕ್ ಫಂಡ್‌ನ 2.5 ಕೋಟಿ ಡಾಲರ್ ನೆರವಿನ ಯೋಜನೆಯೂ 2024ರಲ್ಲಿ ಶುರುವಾಯಿತು. ಎರಡೂ ಯೋಜನೆಯ ಹಣ. ಯೋಜನೆ ಮುಗಿದ ತಿಂಗಳು ಪ್ರಯೋಗಾಲಯದ ತಂತ್ರಜ್ಞರ ಸಂಬಳ ಯಾವ ಖಾತೆಯಿಂದ ಅನ್ನುವುದನ್ನು ರಾಜ್ಯ ಬಜೆಟ್ ಈಗಲೇ ಬರೆದಿಡಬೇಕು.

ಊರಲ್ಲೇ ನೋಡಬಹುದಾದ ಒಂದು ಗುರುತು ಹೇಳುತ್ತೇನೆ. ಕಾಲುಬಾಯಿ ಲಸಿಕೆಯವರು ಐಸ್ ಡಬ್ಬ ಹಿಡಿದು ಬೆಳಿಗ್ಗೆಯೇ ಬರುತ್ತಾರೆ, ದನಗಳು ಮೇಯಲು ಹೋಗುವ ಮುಂಚೆ. ಕುತ್ತಿಗೆಗೆ ಸೂಜಿ, ಓಲೆ ನಂಬರ್ ಮೊಬೈಲಿಗೆ, ಮುಂದಿನ ಮನೆ. ಇಷ್ಟು ಎಲ್ಲರೂ ನೋಡಿರುತ್ತೀರಿ. ನಿಯಮದ ಪ್ರಕಾರ ಕೆಲವು ದನಗಳ ರಕ್ತವನ್ನು ಸೂಜಿ ಹಾಕುವ ದಿನ ಒಮ್ಮೆ, 28 ದಿನ ಆದ ಮೇಲೆ ಇನ್ನೊಮ್ಮೆ ತೆಗೆಯಬೇಕು. ಲಸಿಕೆ ಹಿಡಿಯಿತೋ ಇಲ್ಲವೋ ತಿಳಿಯುವುದು ಆ ಎರಡನೇ ಸಣ್ಣ ಟ್ಯೂಬಿನಿಂದ. 2013ರಲ್ಲಿ ಕೋಲಾರದ ರೈತರು ಕೇಳಿದ ಪ್ರಶ್ನೆಗೆ ಉತ್ತರ ಇರುವುದೂ ಅದರಲ್ಲೇ. ಈ ಸಲದ ಸುತ್ತು ಮುಗಿದು ತಿಂಗಳಾದ ಮೇಲೆ ಡೇರಿ ಮುಂದೆ ನಿಂತಾಗ ಅಕ್ಕಪಕ್ಕದವರನ್ನು ಕೇಳಿ ನೋಡಿ: ಯಾರ ಮನೆಗಾದರೂ ರಕ್ತ ತೆಗೆಯಲು ಮತ್ತೆ ಬಂದಿದ್ದರಾ?